ಆನಿಗೂ ಬೀಗ

(ಖಾನಾಪುರ ತಾಲ್ಲೂಕಿನ ಒಂದು ಹಳ್ಳಿಯ ಗ್ರಂಥಾಲಯ. ಮೊಮ್ಮಗಳ ಕೈ ಹಿಡಿದು ಆಯಿ ಬರುತ್ತಾಳೆ.)

ಆಯಿ: ಸಾಹೇಬ್ರ, ನಮ್ಮ ಕೂಸಿಗೊಂದು ಚಿತ್ರದ ಪುಸ್ತಕ ಕೊಡ್ರಿ.

ಮೇಲ್ವಿಚಾರಕ: ವಯಸ್ಸೆಷ್ಟು?

ಆಯಿ: ನಾಕು.

ಮೇಲ್ವಿಚಾರಕ: ‘ಓದುವ ಬೆಳಕು’ ಕಾರ್ಯಕ್ರಮ 6ರಿಂದ 18 ವರ್ಷದವ್ರಿಗೆ ಐತಿ, ಆಯಿ. ಎರಡು ವರ್ಷ ಬಿಟ್ಟು ಬರ್ರಿ.

ಆಯಿ: ಅಲ್ಲೀತನಕ ಕತ್ತಲದಾಗ ಇರಬೇಕೇನ್ರಿ? ಆ ಗಾಜಿನ ಕಪಾಟಿನ್ಯಾಗ ಆನಿ ಪುಸ್ತಕ ಕಾಣತೈತಲ್ಲ!

ಮೇಲ್ವಿಚಾರಕ: ಅದು ಬೆಳಗಾವಿಯಿಂದ ದೊಡ್ಡ ಸಾಹೇಬ್ರು ತಪಾಸಣಿಗೆ ಬಂದಾಗ ತೋರಸಾಕ. ಹುಡುಗ್ರು ಮುಟ್ಟಿದ್ರ ಹರೀತೈತಿ.

ಆಯಿ: ಮುಟ್ಟದಿದ್ರ?

ಮೇಲ್ವಿಚಾರಕ: ಗೆದ್ದಲ ಹಿಡೀತೈತಿ.

ಆಯಿ: ಗೆದ್ದಲದ ವಯಸ್ಸು ಕೇಳಿದ್ರೇನ್ರಿ?

ಮೇಲ್ವಿಚಾರಕ: ನೀವು ಮನ್ಯಾಗ ಮರಾಠಿ ಆಡ್ತೀರಿ. ಪುಸ್ತಕ ಕನ್ನಡದ್ದು.

ಆಯಿ: ಆನಿ ಯಾವ ಭಾಷಿ ಆಡ್ತೈತ್ರಿ? ನಾ ಓದಿ ಹೇಳಿದ್ರ ಕನ್ನಡಾನೂ ಕಲೀತಾಳ.

ಮೇಲ್ವಿಚಾರಕ: ಕೀಲಿ ಸಿಗವಲ್ದು, ಆಯಿ. ನಾಳೆ ಬರ್ರಿ.

ಆಯಿ: ಕರ ವಸೂಲಿಗೆ ಬಂದಾಗ ನಾನೂ ಹಂಗ ಅಂತೀನಿ!

1965ರ ಗ್ರಂಥಾಲಯ ಕಾಯ್ದೆಯಡಿ ಮನೆ ತೆರಿಗೆಯ ಜೊತೆ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರವೂ ಸೇರುತ್ತದೆ. ಅದು ಗಾಜಿನ ಕಪಾಟಿನ ಬಾಡಿಗೆಯಲ್ಲ. ನಾಲ್ಕರ ಮಕ್ಕಳ ಕೈಗೂ ಪುಸ್ತಕ ಕೊಡಿ, ಹರಿದರೆ ಅಂಟಿಸೋಣ.