ಹೊಗೆಯ ರುಚಿ ನೋಡುವವರು

ಕಾರು ಟ್ಯೂನ್ ಮಾಡಿಸಲು ಹೊರಟವರ ಮೊದಲ ಆಸೆ ಪಿಕಪ್. ಎರಡನೆಯದು, ಡ್ಯಾಶ್‌ಬೋರ್ಡಿನ ಮೇಲೆ ಮಿಣಮಿಣ ಮಿಂಚುವ ಗುಂಡನೆಯ ಏರ್-ಫ್ಯೂಯೆಲ್ ಮೀಟರು. ಅದರ ಬೆಳಕು ಕೆಂಪಿರಬೇಕೋ ನೀಲಿಯೋ, ಮುಳ್ಳು ಚೆಂದವೋ ಅಂಕಿಯೋ ಎಂದು ದಿನಗಟ್ಟಲೆ ಚರ್ಚೆಯಾಗುತ್ತದೆ. ಮೀಟರಿಗೆ ಸುದ್ದಿ ಮುಟ್ಟಿಸುವ ಸೆನ್ಸರು ಮಾತ್ರ ಹೊಗೆಕೊಳವೆಯಲ್ಲಿ ಮಸಿ ಮೆತ್ತಿಕೊಂಡು, ಯಾರ ಹೊಗಳಿಕೆಯೂ ಇಲ್ಲದೆ ಬೇಯುತ್ತಿರುತ್ತದೆ. ದುಡ್ಡು ಮೊದಲು ಅದಕ್ಕೆ ಸಲ್ಲಬೇಕು, ಚೆಂದಕ್ಕೆ ಆಮೇಲೆ ಎಂಬುದು ನನ್ನ ವಾದ.

‘ಕಂಪನಿಯವರೇ ಒಂದು ಆಕ್ಸಿಜನ್ ಸೆನ್ಸರ್ ಕೊಟ್ಟಿದ್ದಾರಲ್ಲ, ಅದಕ್ಕೇ ಮೀಟರು ಸಿಕ್ಕಿಸಿದರೆ ಸಾಲದೇ?’ ಎನ್ನುವವರಿದ್ದಾರೆ. ಬಾಷ್ ಕಂಪನಿಯ ಲ್ಯಾಂಬ್ಡಾ ಸೆನ್ಸರು 1976ರಲ್ಲಿ ವೋಲ್ವೋ ಕಾರಿಗೆ ಬಂದಾಗಿನಿಂದ ಈ ನ್ಯಾರೋಬ್ಯಾಂಡ್ ಜಾತಿಯ ಕೆಲಸ ಒಂದೇ. ಒಂದು ಕಿಲೋ ಪೆಟ್ರೋಲು ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಪೆಟ್ರೋಲು ಅದಕ್ಕಿಂತ ಹೆಚ್ಚಾದರೆ ಸೆನ್ಸರು 0.9 ವೋಲ್ಟಿನತ್ತ ಜಿಗಿಯುತ್ತದೆ, ಕಮ್ಮಿಯಾದರೆ 0.1ರತ್ತ ಕುಸಿಯುತ್ತದೆ. ಸಾರಿಗೆ ಉಪ್ಪು ಹೆಚ್ಚು, ಉಪ್ಪು ಕಮ್ಮಿ ಎನ್ನುವುದಷ್ಟೇ ಬಲ್ಲ ಅತ್ತೆಯ ಹಾಗೆ. ಎಷ್ಟು ಎಂದು ಕೇಳಿದರೆ ಉತ್ತರವಿಲ್ಲ. ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಪೆಟ್ರೋಲ್ ಇಂಜಿನ್ನಿಗೆ ಬೇಕಾದದ್ದು 12.5–13ರ ಆಸುಪಾಸಿನ ಮಿಶ್ರಣ. ಟ್ಯೂನ್ ಮಾಡುವವರಿಗೆ ಅಲ್ಲಿ ‘ಎಷ್ಟು’ ಎಂಬುದೇ ಮುಖ್ಯ. ಆದ್ದರಿಂದ ಬೇಕಾದದ್ದು ಆ ‘ಎಷ್ಟು’ ಹೇಳಬಲ್ಲ ವೈಡ್‌ಬ್ಯಾಂಡ್ ಸೆನ್ಸರು. ಬೆಲೆ ಹೆಚ್ಚು ಎನ್ನುವುದು ನಿಜ. ಟರ್ಬೊ ಇಂಜಿನ್ನಿನಲ್ಲಿ ಪೆಟ್ರೋಲು ಸಾಲದೆ ಪಿಸ್ಟನ್ ಕರಗಿದರೆ ಬರುವ ಬಿಲ್ಲು ಅದಕ್ಕಿಂತ ಹೆಚ್ಚು. ಕೊಳ್ಳುವಾಗ ಸೆನ್ಸರನ್ನು ನಡೆಸುವ ಕಂಟ್ರೋಲರು ಯಾವ ಸೆನ್ಸರಿಗೆ ಮಾಡಿದ್ದೆಂದು ಕೇಳಿ: ಬಾಷ್‌ನದೇ ಎಲ್‌ಎಸ್‌ಯು 4.2 ಮತ್ತು 4.9 ಒಂದರ ಜಾಗಕ್ಕೆ ಇನ್ನೊಂದು ಆಗುವುದಿಲ್ಲ.

ಇನ್ನು ಅಂಕಿಯ ವಿಚಾರ. ಎಥೆನಾಲಿಗೆ ತನ್ನ ತೂಕದ ಒಂಬತ್ತು ಪಟ್ಟು ಗಾಳಿ ಸಾಕು. ಹಾಗಾಗಿ ನಮ್ಮ ಬಂಕುಗಳಲ್ಲಿ ಸಿಗುವ, ಎಥೆನಾಲ್ ಬೆರೆತ ಇ20 ಪೆಟ್ರೋಲಿಗೆ ಸರಿಯಾದ ಪ್ರಮಾಣ ಸುಮಾರು 13.5. ಆದರೂ ಪೆಟ್ರೋಲಿನ ಲೆಕ್ಕ ಕಲಿತ ಮೀಟರು, ಮಿಶ್ರಣ ಸರಿಯಿದ್ದಾಗ, ಟ್ಯಾಂಕಿನಲ್ಲಿ ಏನೇ ಇರಲಿ 14.7 ಎಂದೇ ತೋರಿಸುತ್ತದೆ! ಅದು ಸುಳ್ಳು ಹೇಳುತ್ತಿಲ್ಲ. ಸೆನ್ಸರಿಗೆ ತಿಳಿಯುವುದು ಲ್ಯಾಂಬ್ಡಾ ಮಾತ್ರ, ಅಂದರೆ ಬೇಕಾದ ಗಾಳಿಯ ಎಷ್ಟು ಪಟ್ಟು ಗಾಳಿ ಇದೆ ಎಂಬ ಲೆಕ್ಕ; ಅದನ್ನು 14.7ರಿಂದ ಗುಣಿಸಿದ್ದು ಮೀಟರಿನ ಅಧಿಕಪ್ರಸಂಗ. ಲ್ಯಾಂಬ್ಡಾದಲ್ಲಿ ಸರಿಯಾದ ಮಿಶ್ರಣ ಯಾವ ಇಂಧನಕ್ಕೂ 1.0. ಹಾಗಾಗಿ ಲ್ಯಾಂಬ್ಡಾ ತೋರಿಸುವ ಮೀಟರೇ ವಾಸಿ.

ಸ್ಪಾರ್ಕ್ ಪ್ಲಗ್ಗಿನ ಬಣ್ಣ ನೋಡಿಯೇ ಎಲ್ಲ ಹೇಳುವ ಹಳೆಯ ಮೇಸ್ತ್ರಿಗಳು ಇದನ್ನೆಲ್ಲ ಕಂಡು ನಗಬಹುದು. ಅವರ ಕಣ್ಣಿಗೆ ನನ್ನ ನಮಸ್ಕಾರ. ಆದರೆ ಪ್ಲಗ್ಗು ಹೇಳುವುದು ನಡೆದುಹೋದ ಕಥೆ. ನಾಲ್ಕು ಸಾವಿರ ಆರ್‌ಪಿಎಮ್‌ನಲ್ಲಿ ಈ ಕ್ಷಣ ಏನಾಗುತ್ತಿದೆ ಎಂದು ಅದು ಹೇಳಲಾರದು. ಹಾಗೆಂದು ಸೆನ್ಸರೂ ಸರ್ವಜ್ಞನಲ್ಲ. ಅದು ಅಳೆಯುವುದು ಹೊಗೆಯನ್ನು, ಸಿಲಿಂಡರಿನ ಒಳಗನ್ನಲ್ಲ. ಒಂದು ಪ್ಲಗ್ಗು ಕಿಡಿ ತಪ್ಪಿದರೆ ಉರಿಯದ ಆಕ್ಸಿಜನ್ ಹೊರಬಂದು, ಪೆಟ್ರೋಲು ಧಾರಾಳವಾಗಿದ್ದರೂ ಮೀಟರು ‘ಲೀನ್’ (ಪೆಟ್ರೋಲು ಕಮ್ಮಿ) ಎಂದು ಕೂಗುತ್ತದೆ. ಸೆನ್ಸರಿಗಿಂತ ಮುಂಚೆ ಕೊಳವೆ ಸೋರಿದರೂ ಅದೇ ಕೂಗು. ಅದನ್ನು ನಂಬಿ ಇನ್ನಷ್ಟು ಪೆಟ್ರೋಲು ಸುರಿದರೆ ಲಾಭ ಬಂಕಿನವರಿಗೆ.

ಆದ್ದರಿಂದ ಒಳ್ಳೆಯ ವೈಡ್‌ಬ್ಯಾಂಡ್ ಕೊಳ್ಳಿ, ಸೆನ್ಸರಿನಲ್ಲಿ ನೀರು ನಿಲ್ಲದಂತೆ ಕೊಳವೆಯ ಮೇಲ್ಭಾಗದಲ್ಲಿ ಓರೆಯಾಗಿ ಕೂರಿಸಿ, ಸೆನ್ಸರಿನೊಳಗಿನ ಹೀಟರಿಗೆ ಕರೆಂಟು ಕೊಡದೆ ಇಂಜಿನ್ ಓಡಿಸಬೇಡಿ. ಇಷ್ಟೆಲ್ಲ ಆದಮೇಲೂ ದುಡ್ಡು ಉಳಿದಿದ್ದರೆ, ನೀಲಿ ಬೆಳಕಿನ ಮೀಟರನ್ನೇ ತೆಗೆದುಕೊಳ್ಳಿ, ನನ್ನದೇನೂ ತಕರಾರಿಲ್ಲ.