ಇನ್ನೇನು ಬಂದೇಬಿಡ್ತು!

ಮೈಸೂರಿನವರಿಗೆ ಪ್ರಯಾಣದ ಅಭ್ಯಾಸ ಕಡಿಮೆ. ಸರಸ್ವತಿಪುರಂನಿಂದ ದೇವರಾಜ ಮಾರುಕಟ್ಟೆಗೆ ಹೋಗಿ ಬಂದರೇ ಕಾಲು ಚಾಚಿ ‘ಉಸ್ಸಪ್ಪಾ’ ಎನ್ನುವ ಜನ ನಾವು. ಇಂಥವರಿಗೆ ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ಮಗ ಫೋನ್ ಮಾಡಿ, “ಅಪ್ಪ, ವೇಲ್ಸ್‌ನ ಹಳ್ಳೀಲಿ ಒಂದು ಕಾಟೇಜ್ ಬುಕ್ ಮಾಡಿದೀನಿ. ಏರ್‌ಪೋರ್ಟಿಂದ ಸೀದಾ ಅಲ್ಲಿಗೇ ಹೋಗೋಣ. ನಿಮಗೂ ರೆಸ್ಟ್ ಆಗುತ್ತೆ” ಎಂದ. ರೆಸ್ಟಿಗೆ ನಮ್ಮ ಮನೆಯ ಜಗಲಿ ಏನು ಕಡಿಮೆ ಮಾಡಿತ್ತು ಎಂದು ಕೇಳೋಣವೆಂದರೆ, ನನ್ನಾಕೆ ಆಗಲೇ ಚಟ್ನಿಪುಡಿಗೆ ಕಡಲೆಬೇಳೆ ಹುರಿಯಲು ನಿಂತಿದ್ದಳು.

ಮಂಡಕಳ್ಳಿಯಲ್ಲಿ ನಮಗೂ ಒಂದು ವಿಮಾನ ನಿಲ್ದಾಣವಿದೆ. ಆದರೆ ಅದರ 1,740 ಮೀಟರ್ ರನ್‌ವೇ ಎಟಿಆರ್‌ನಂಥ ಪುಟ್ಟ ವಿಮಾನಗಳಿಗೆ ಸರಿ. ಸಮುದ್ರ ದಾಟಬೇಕಾದ ಮೈಸೂರಿಗ ಮೊದಲು ದೇವನಹಳ್ಳಿಯ ವಿಮಾನ ನಿಲ್ದಾಣದವರೆಗೆ ನೆಲದ ಮೇಲೆಯೇ ಉರುಳಬೇಕು. ಫ್ಲೈಬಸ್ ಹತ್ತಿದೆವು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ 118 ಕಿಲೋಮೀಟರಿನ ಹೆದ್ದಾರಿ ಉಳಿಸಿಕೊಟ್ಟ ಹೊತ್ತನ್ನೆಲ್ಲ ಬೆಂಗಳೂರಿನ ಟ್ರಾಫಿಕ್ಕು ಬಡ್ಡಿ ಸಮೇತ ವಸೂಲು ಮಾಡಿತು. ಎರಡನೇ ಟರ್ಮಿನಲ್ ಹೊಕ್ಕರೆ ಬಿದಿರಿನ ಛಾವಣಿ, ತೂಗುಬಿಟ್ಟ ಗಿಡಗಳು. “ಕುಪ್ಪಣ್ಣ ಪಾರ್ಕಿನ ದಸರಾ ಫಲಪುಷ್ಪ ಪ್ರದರ್ಶನದ ಹಾಗಿದೆ ಕಣ್ರೀ, ಇಲ್ಲೇ ಸುತ್ತಾಡಿಕೊಂಡು ವಾಪಸ್ ಹೋಗೋಣ್ವಾ?” ಎಂದಳು ನನ್ನಾಕೆ. ಅದು ಎಂಥ ವಿವೇಕದ ಮಾತೆಂಬುದು ನಡುರಾತ್ರಿ ದುಬೈಯಲ್ಲಿ ವಿಮಾನ ಬದಲಿಸಲು ಓಡುವಾಗ ಅರ್ಥವಾಯಿತು.

ಹೀಥ್ರೂನಲ್ಲಿ ಮಗ ಕಾರಿನೊಡನೆ ನಿಂತಿದ್ದ. “ಇನ್ನೇನು ಬಂದೇಬಿಡ್ತು ಅಪ್ಪ, ಮೂರು ಗಂಟೆ ಅಷ್ಟೇ.” ಸೆವರ್ನ್ ನದಿಯ ಉದ್ದನೆಯ ಸೇತುವೆ ದಾಟುವಾಗ, ಇಲ್ಲಿ 2018ರ ಕೊನೆಗೆ ಟೋಲನ್ನೇ ತೆಗೆದುಹಾಕಿದರೆಂದು ಹೇಳಿದ. ನಮ್ಮ ಹೆದ್ದಾರಿಯ ಕಣಿಮಿಣಿಕೆ, ಗಣಂಗೂರುಗಳಲ್ಲಿ ಟೋಲ್ ತೆತ್ತು ಬಂದಿದ್ದ ನನಗೆ ಇಡೀ ಪ್ರಯಾಣದಲ್ಲಿ ಹೊಟ್ಟೆ ತಂಪಾದದ್ದು ಅದೊಂದೇ ಸಂಗತಿಯಿಂದ.

ಸಾವಿರಾರು ಮೈಲಿಯನ್ನು ವಿಮಾನ ನಿದ್ದೆಗಣ್ಣಿನಲ್ಲೇ ದಾಟಿಸಿಬಿಡುತ್ತದೆ. ಕೊನೆಯ ಎರಡು ಮೈಲಿಯೇ ಪ್ರಾಣ ಹಿಂಡುವುದು. ಅಲ್ಲಿ ಒಂದು ಪೋಸ್ಟ್‌ಕೋಡ್ ಎಂದರೆ ಮನೆಯಲ್ಲ, ಹಲವು ಗುಡ್ಡ. ಮ್ಯಾಪಿನ ಹೆಂಗಸು ಒಂದು ದನದ ಕೊಟ್ಟಿಗೆಯ ಮುಂದೆ ನಿಲ್ಲಿಸಿ, ನೀವು ತಲುಪಿದ್ದೀರಿ ಎಂದು ಘೋಷಿಸಿ ಸುಮ್ಮನಾದಳು. ಅಲ್ಲಿಂದ ಮುಂದೆ ಒಂದೇ ಕಾರು ಹಿಡಿಸುವ ದಾರಿ, ಎರಡೂ ಕಡೆ ಆಳೆತ್ತರದ ಬೇಲಿ. ಎದುರಿಗೆ ಟ್ರ್ಯಾಕ್ಟರು. ಮಗ ಕಾಲು ಮೈಲಿ ರಿವರ್ಸ್ ತೆಗೆದ. ನನ್ನಾಕೆ ಚಾಮುಂಡಿಗೆ ಹರಕೆ ಹೊತ್ತಳು. ಟ್ರ್ಯಾಕ್ಟರಿನವನು ಕೈಯೆತ್ತಿ ವಂದಿಸಿ ಹೋದ. ಅವನ ಹಿಂದೆ ಕುರಿಮಂದೆ. ವೇಲ್ಸ್‌ನಲ್ಲಿ ಜನ ಮೂವತ್ತು ಲಕ್ಷ, ಕುರಿಗಳು ಅದರ ಮೂರರಷ್ಟು ಹತ್ತಿರ. ಲೆಕ್ಕದ ಒಂದು ಭಾಗವನ್ನು ನಾವೇ ನಿಂತು ತಾಳೆ ನೋಡಿದೆವು.

ಮನೆಯೇನೋ ಸಿಕ್ಕಿತು, ಮನೆಯವರು ಯಾರೂ ಇಲ್ಲ. ಬೀಗದಕೈ ಗೋಡೆಗೆ ಜಡಿದ ಪುಟ್ಟ ಪೆಟ್ಟಿಗೆಯೊಳಗೆ. ಅದರ ನಂಬರು ಮಗನ ಈಮೇಲಿನಲ್ಲಿ. ಈಮೇಲ್ ತೆರೆಯಲು ನೆಟ್‌ವರ್ಕ್ ಇಲ್ಲ. ಜಿಟಿಜಿಟಿ ಮಳೆಯಲ್ಲಿ ಮಗ ಫೋನನ್ನು ಮಂಗಳಾರತಿಯ ತಟ್ಟೆಯಂತೆ ಮೇಲಕ್ಕೆತ್ತಿ ಹೊಲದಂಚಿನವರೆಗೂ ನಡೆದು ಹೋದ. ನಾವಿಬ್ಬರೂ ಸೂಟ್‌ಕೇಸಿನ ಮೇಲೆ ಕೂತು ಚಕ್ಕುಲಿ ತಿಂದೆವು.

ರಾತ್ರಿ ಮೂರಕ್ಕೆ ಎಚ್ಚರವಾಯಿತು. ಮೈಸೂರಿನಲ್ಲಿ ಆಗ ಏಳೂವರೆ, ಕಾಫಿಯ ಹೊತ್ತು. ವಿಶ್ರಾಂತಿಗೆಂದು ಬಂದವರು ಅಷ್ಟೂ ದಿನ ಕತ್ತಲಲ್ಲಿ ಕಾಫಿ ಕುಡಿದು, ಹಗಲಲ್ಲಿ ತೂಕಡಿಸಿದೆವು. ಹೊರಡುವ ದಿನ ಮೇಜಿನ ಮೇಲೆ ಅತಿಥಿಗಳು ಅಭಿಪ್ರಾಯ ಬರೆಯುವ ಪುಸ್ತಕ ಕಂಡಿತು. ನನ್ನಾಕೆ ಪೆನ್ನು ಕಿತ್ತುಕೊಂಡು ದುಂಡಗಿನ ಕನ್ನಡದಲ್ಲಿ ಬರೆದಳು: “ಜಾಗ ಬಹಳ ಚೆನ್ನಾಗಿದೆ. ನಂಜನಗೂಡಿನ ಹತ್ತಿರ ಇದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.”