ಗಾಡಿ ನಿಂತ್ರ ಡೆಮರೇಜ್, ಮಾಲು ಕುಂತ್ರ ವಾರ್ಫೇಜ್

ನಮ್ಮ ಕಡೆ ರೈಲ್ವೆಯವರೆಂದರೆ ಮೂರೇ ಬಗೆ: ಟಿಕೆಟ್ ಕೊಡುವವರು, ಟಿಕೆಟ್ ಕೇಳುವವರು, ಹಸಿರು ಬಾವುಟ ತೋರಿಸುವವರು. ಹಾವೇರಿಯಿಂದ ರಾಣೇಬೆನ್ನೂರಿನವರೆಗೆ ಯಾರನ್ನು ಕೇಳಿದರೂ ನಾಲ್ಕನೆಯ ಬಗೆ ಹೇಳಲಾರರು. ಹಗಲುರಾತ್ರಿ ಊರ ಬದಿಗೆ ಗಡಗಡಿಸುತ್ತ ಹೋಗುವ ಗೂಡ್ಸ್ ಗಾಡಿಯನ್ನು ಯಾರೋ ತುಂಬಿರುತ್ತಾರೆ, ಯಾರೋ ಇಳಿಸಿಕೊಳ್ಳುತ್ತಾರೆ, ನಡುವೆ ಯಾರೋ ಕೂತು ಲೆಕ್ಕ ಬರೆದಿರುತ್ತಾರೆ ಎಂಬ ವಿಚಾರ ಯಾರ ತಲೆಗೂ ಹೋದದ್ದಿಲ್ಲ. ಗೂಡ್ಸ್ ಎಂದರೆ ಗೇಟು ಹಾಕಿಸಿ ನಮ್ಮನ್ನು ಬಿಸಿಲಿಗೆ ನಿಲ್ಲಿಸುವುದು. ಮುಗೀತು ಎಂದು ಬೈಕಿಗೆ ಕಿಕ್ ಹೊಡೆದ ಮೇಲೆ ಇನ್ನೂ ಹತ್ತು ಡಬ್ಬಿ ತೋರಿಸುವುದು.

ಹೀಗಿರುವಾಗ ನಮ್ಮ ಅಕ್ಕನ ಮಗಳಿಗೆ ಸರಕು ಟರ್ಮಿನಲ್ಲಿನ ಕೆಲಸವೊಂದಕ್ಕೆ ಸಂದರ್ಶನದ ಕರೆ ಬಂತು. ರೈಲ್ವೆಯದ್ದಲ್ಲ, ಗೂಡ್ಸ್ ಶೆಡ್ಡಿನಲ್ಲಿ ಮಾಲು ಏರಿಸಿ ಇಳಿಸುವ ಗುತ್ತಿಗೆ ಹಿಡಿದ ಖಾಸಗಿ ಕಂಪನಿಯದು. ಮೊದಲಾದರೆ ಇಂಥ ಕೆಲಸಕ್ಕೆ ‘ಗೂಡ್ಸ್ ಶೆಡ್ಡಿನ ಕಾರಕೂನ’ ಎಂದರೆ ಮುಗಿಯುತ್ತಿತ್ತು. 2021ರ ಡಿಸೆಂಬರಿನಲ್ಲಿ ಗತಿಶಕ್ತಿ ಕಾರ್ಗೊ ಟರ್ಮಿನಲ್ ನೀತಿ ಬಂದು, ಖಾಸಗಿಯವರಿಗೆ ಟರ್ಮಿನಲ್ ಕಟ್ಟುವುದು ಸಲೀಸಾದ ಮೇಲೆ ಹುದ್ದೆಗಳ ಹೆಸರು ಉದ್ದವಾಗಿವೆ. ಈ ಹುದ್ದೆಯ ಹೆಸರೂ ಒಂದೇ ಉಸಿರಿನಲ್ಲಿ ಓದಿ ಮುಗಿಸುವಂಥದಲ್ಲ. ಸಂಬಳ ಮಾತ್ರ ಒಂದೇ ಉಸಿರಿನಲ್ಲಿ ಮುಗಿಯುತ್ತದೆ.

ಹೈಸ್ಕೂಲು ಮಾಸ್ತರಿಕೆಯಿಂದ ನಿವೃತ್ತನಾದವನ ಮನೆಯಲ್ಲಿ ಸಂದರ್ಶನಕ್ಕೆ ಹೋಗುವ ಹುಡುಗಿ ಇದ್ದರೆ ಏನಾಗಬೇಕೋ ಅದೇ ಆಯಿತು. ಊಟದ ಮೇಜನ್ನು ಪಡಸಾಲೆಗೆ ಎಳೆದು, ಕೋಟು ಹಾಕಿ, ಆ ಬದಿಗೆ ನಾನು ಕೂತೆ. ಈ ಬದಿಗೆ ಆಕೆ. ಪ್ರೇಕ್ಷಕರಾಗಿ ಅಕ್ಕ, ಭಾವ, ನಮ್ಮವ್ವ, ಮತ್ತು ಮೊಸರು ಕೇಳಲು ಬಂದು ಅಲ್ಲೇ ಕೂತ ಪಕ್ಕದ ಮನೆಯಾಕೆ.

“ನಿಮ್ಮ ದೌರ್ಬಲ್ಯ ಏನು?” ಎಂದು ಕೇಳಿದೆ. ಆಕೆ ಬಾಯಿ ತೆರೆಯುವ ಮೊದಲೇ ಅಕ್ಕ, “ಮುಂಜಾನಿ ಏಳೂದಿಲ್ಲ. ಎದ್ದರೂ ಹಾಸಿಗಿ ಮಡಚೂದಿಲ್ಲ” ಎಂದಳು.

“ಐದು ವರ್ಷದ ನಂತರ ನಿಮ್ಮನ್ನು ನೀವು ಎಲ್ಲಿ ಕಾಣುತ್ತೀರಿ?”

ನಮ್ಮವ್ವ ಎಲೆ ಅಡಿಕೆ ಮಡಚುತ್ತ, “ಐದು ವರ್ಷಕ್ಕ ಆ ಕಂಪನಿ ಇರತೈತೇನು, ಅದನ್ನ ಮೊದಲು ಕೇಳವಾ” ಎಂದಳು. ಈ ಪ್ರಶ್ನೆಯನ್ನು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಸಂದರ್ಶನದ ಪುಸ್ತಕ ಬರೆಯುವವರಾರಿಗೂ ಹೊಳೆಯದ್ದು.

ಬಂದುಹೋಗುವವರೆಲ್ಲ ಕೇಳುತ್ತಿದ್ದದ್ದು ಒಂದೇ: ನಮ್ಮ ದೇಶದಲ್ಲಿ ಮೊದಲ ರೈಲು ಯಾವಾಗ ಓಡಿತು? 1853ರ ಏಪ್ರಿಲ್ 16, ಮುಂಬೈಯಿಂದ ಠಾಣೆಗೆ. ಇದು ಬಾರದವರು ನಮ್ಮ ಜಿಲ್ಲೆಯಲ್ಲಿ ಇಲ್ಲ. ಆದರೆ ಹುಡುಗಿ ಎಲ್ಲಿಂದಲೋ ಹುಡುಕಿ ತೆಗೆದಳು: ಅದು ಮಂದಿಯ ರೈಲು. ಅದಕ್ಕೂ ಮೊದಲೇ, 1837ರ ಸುಮಾರಿಗೆ, ಮದರಾಸಿನ ರೆಡ್ ಹಿಲ್ಸ್ ಹತ್ತಿರ ರಸ್ತೆಗೆ ಕಲ್ಲು ಸಾಗಿಸಲು ಹಳಿ ಹಾಕಿದ್ದರು. 1851ರಲ್ಲಿ ರೂರ್ಕಿಯಲ್ಲಿ ಕಾಲುವೆ ಕಟ್ಟುವಾಗ ಉಗಿಬಂಡಿ ಮಣ್ಣು ಹೊತ್ತಿತ್ತು. “ಅಂದರ ಮಾಮಾ, ಮೊದಲು ಹತ್ತಿದ್ದು ಕಲ್ಲು, ಆಮ್ಯಾಲೆ ಮಣ್ಣು, ಕಡೀಕ ಮನಷ್ಯಾ.” ಈಗಲೂ ರೈಲ್ವೆಯ ಗಳಿಕೆಯಲ್ಲಿ ಹೆಚ್ಚಿನ ಪಾಲು ಸರಕಿನದೇ. 2023-24ರಲ್ಲಿ ಅದು ಸಾಗಿಸಿದ್ದು ಸುಮಾರು 159 ಕೋಟಿ ಟನ್. ನಾವು ಕಿಟಕಿ ಪಕ್ಕದ ಸೀಟಿಗೆ ಜಗಳಾಡುವುದು ಕಲ್ಲಿದ್ದಲಿನಂಥ ಸರಕಿನ ಖರ್ಚಿನಲ್ಲಿ ಎಂಬುದು ಭಾವನಿಗೆ ಸ್ವಲ್ಪ ಅವಮಾನವಾದಂತೆ ಕಂಡಿತು.

ಪುಸ್ತಕದ ವಿದ್ಯೆ ಇಷ್ಟಕ್ಕೆ ಸಾಕೆಂದು ಒಂದು ಗುರುವಾರ ಬ್ಯಾಡಗಿಗೆ ಹೊರಟೆವು. ಸೋಮವಾರ, ಗುರುವಾರ ಅಲ್ಲಿ ಮೆಣಸಿನಕಾಯಿ ಮಾರುಕಟ್ಟೆ. ಅಲ್ಲಿ ನಮ್ಮ ಭಾವನ ಚಿಕ್ಕಪ್ಪನ ದಲಾಲಿ ಅಂಗಡಿ ಇದೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ ಎಂದು ಜಗತ್ತೇ ಹೊಗಳುತ್ತದೆ. 2011ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿತು. ಲಿಪ್‌ಸ್ಟಿಕ್ಕಿಗೂ ಇದರ ಬಣ್ಣ ಹೋಗುತ್ತದೆ. ಆದರೆ ಸೀಜನ್ನಿನಲ್ಲಿ ಚೀಲಗಳ ಸಾಲಿನ ನಡುವೆ ನಿಂತು ‘ಖಾರ ಕಮ್ಮಿ’ ಎಂದು ಒಮ್ಮೆ ಹೇಳಿ ನೋಡಿ. ಹೇಳಲು ಸೀನು ಬಿಡುವುದಿಲ್ಲ. ನಾವಿಬ್ಬರೂ ಅಂಗಡಿ ತಲುಪಿದಾಗ ಕಣ್ಣೀರು ಇಳಿಯುತ್ತಿತ್ತು. ಗಲ್ಲೆಯ ಮೇಲಿದ್ದ ಕಾಕಾ ಗಾಬರಿಯಾಗಿ, “ಏನಾತ್ರೀ ಮಾಸ್ತರ, ಮನ್ಯಾಗ ಎಲ್ಲಾ ಆರಾಮ ಅದಾರಿಲ್ಲ?” ಎಂದು ಎದ್ದು ನಿಂತರು.

ಹುಡುಗಿಯ ಪ್ರಶ್ನೆ ಸರಳವಾಗಿತ್ತು. ಇಷ್ಟು ಮಾಲು ಇಲ್ಲಿದೆ, ಸ್ಟೇಷನ್ನು ಇದೇ ಊರಲ್ಲಿದೆ. ಹಾಗಾದರೆ ಹೊರಗೆ ಯಾಕೆ ಬರೀ ಲಾರಿ ನಿಂತಿವೆ?

ಕಾಕಾ ಒಂದು ಹಿಡಿ ಕಡ್ಡಿ ಮೆಣಸಿನಕಾಯಿ ತೆಗೆದು ಆಕೆಯ ಅಂಗೈ ಮೇಲಿಟ್ಟರು. ತೆಳ್ಳಗೆ, ಮುದುಡಿ, ಮುದುಕರ ಬೆರಳಿನಷ್ಟು ಸುಕ್ಕಾಗಿದ್ದವು. ಅಂಗೈ ತುಂಬಿತ್ತು. “ತೂಕ ಹತ್ತತೈತೇನ ತಂಗಿ?” ಎಂದರು. ಹತ್ತುತ್ತಿರಲಿಲ್ಲ. “ಇದನ್ನ ವ್ಯಾಗನ್ನಿಗೆ ತುಂಬಿದ್ರ ವ್ಯಾಗನ್ ತುಂಬತೈತಿ, ತೂಕ ತುಂಬೂದಿಲ್ಲ. ಇನ್ನ, ನಮ್ಮ ಅಂಗಡಿ ಮುಂದ ಹತ್ತು ಮಂದಿ ರೈತರ ಹತ್ತು ರಾಶಿ. ಬಳ್ಳಾರಿಯಾಂವ ಒಬ್ಬ, ರಾಯಚೂರಾಂವ ಒಬ್ಬ. ಟೆಂಡರ್ ಬರೀತಾರ, ಹತ್ತು ರಾಶಿಗೆ ಹತ್ತು ರೇಟು, ಹತ್ತು ಖರೀದಿದಾರರು. ಒಬ್ಬಂವಂದು ಎಣ್ಣಿ ತಗ್ಯಾಕ ಕೇರಳಕ್ಕ, ಒಬ್ಬಂವಂದು ಮಸಾಲಿಗೆ ಮುಂಬೈಗೆ, ಒಬ್ಬಂವಂದು ಇಲ್ಲೇ ಕೋಲ್ಡ್ ಸ್ಟೋರೇಜಿಗೆ. ರೇಕ್ ಅಂದ್ರ ಇಡೀ ಗೂಡ್ಸ್ ಗಾಡಿ, ಹಂಗಲ್ಲ. ಒಂದ ಮಾಲು, ಒಂದ ಊರು, ಒಂದ ಸಲಕ್ಕ.”

ಹುಡುಗಿ ಬಿಡಲಿಲ್ಲ. 2020ರ ಜುಲೈನಲ್ಲಿ ಗುಂಟೂರಿನ ಕಡೆಯವರು ರೆಡ್ಡಿಪಾಲೆಂನಿಂದ ಬಾಂಗ್ಲಾದೇಶದ ಬೇನಾಪೋಲಿಗೆ ಒಣಮೆಣಸಿನಕಾಯಿಯನ್ನೇ ಪಾರ್ಸೆಲ್ ರೈಲಿನಲ್ಲಿ ಕಳಿಸಿದ್ದನ್ನು ಹೇಳಿದಳು. ಗುಂಟೂರಿನ ಹೆಸರು ಬ್ಯಾಡಗಿಯ ಅಂಗಡಿಯಲ್ಲಿ ಎತ್ತಬಾರದಿತ್ತೋ ಏನೋ. ಕಾಕಾ ಕನ್ನಡಕ ತೆಗೆದು ಒರೆಸಿ, “ಖಾರ ಇದ್ದಾವ ಎಲ್ಲಿ ಬೇಕಲ್ಲಿ ಹೋಗ್ತಾನ. ಬಣ್ಣ ಇದ್ದಾವನ್ನ ಮಂದಿ ಹುಡಿಕ್ಯಾಡಿಕೊಂಡು ಬರ್ತಾರ” ಎಂದರು. ಹೊರಡುವಾಗ ಒಂದು ಚೀಲ ಡಬ್ಬಿ ಮೆಣಸಿನಕಾಯಿ ಕಟ್ಟಿಕೊಟ್ಟರು, ಸಂದರ್ಶನದವರಿಗಲ್ಲ, ಅಕ್ಕನಿಗೆ. ಬರುವಾಗ ಅಕ್ಕನ ಹರಕೆಯಂತೆ ಕದರಮಂಡಲಗಿಯ ಹನುಮಪ್ಪ ಕಾಂತೇಶನಿಗೂ ಕಾಯಿ ಒಡೆಸಿದೆವು. ಆತನಿಗೆ ಸರಕು ಸಾಗಣೆಯ ಅನುಭವ ಇದೆ; ಸಂಜೀವಿನಿ ಒಂದೇ ಮಾಲು, ಒಂದೇ ಊರು, ಒಂದೇ ಸಲಕ್ಕೆ.

ನಿಜವಾದ ಪಾಠ ಆದದ್ದು ರಾಣೇಬೆನ್ನೂರಿನ ಗೂಡ್ಸ್ ಶೆಡ್ಡಿನಲ್ಲಿ. ಕೆಲಸದ ಜಾಗ ನೋಡಿ ಬರೋಣವೆಂದು ಹೋದ ದಿನ ಯೂರಿಯಾ ರೇಕು ನಿಂತಿತ್ತು. ಹಮಾಲರ ಮೇಸ್ತ್ರಿಯೊಬ್ಬರು ಬೀಡಿ ಆರಿಸಿ ನಮ್ಮ ಕಡೆ ಬಂದರು. ಹೆಗಲ ಮೇಲೆ ಟವೆಲ್ಲು, ಟವೆಲ್ಲಿನ ಮೇಲೆ ಕಬ್ಬಿಣದ ಕೊಕ್ಕೆ. ಅವರ ಹಿಂದಿದ್ದ ಪ್ರತಿ ಚೀಲದ ಮೇಲೂ ದಪ್ಪ ಇಂಗ್ಲಿಷಿನಲ್ಲಿ ‘ಯೂಸ್ ನೋ ಹುಕ್ಸ್’ ಎಂದು ಅಚ್ಚಾಗಿತ್ತು. ನಾನು ಚೀಲವನ್ನೂ ಕೊಕ್ಕೆಯನ್ನೂ ನೋಡಿದ್ದನ್ನು ಅವರು ನೋಡಿದರು. “ಗೊಬ್ಬರಕ್ಕ ಹಚ್ಚೂದಿಲ್ರೀ ಸರ, ಸೋರತೈತಿ. ಗೋವಿನಜೋಳದ ಗೋಣಿಗಷ್ಟ. ಇಂಗ್ಲಿಷ್ ಬರದಿದ್ರೂ ಚೀಲದ ಸಂಕಟ ನಮಗ ತಿಳೀತೈತಿ.”

ಹುಡುಗಿ ಟಿಪ್ಪಣಿ ಪುಸ್ತಕ ತೆಗೆದಳು. ಹಳೆಯ ಬಿಸಿಎನ್ ಮಾದರಿಯ ಮುಚ್ಚಿದ ಡಬ್ಬಿಗಳ ರೇಕಾದರೆ ಸುಮಾರು 42 ವ್ಯಾಗನ್ನು, ಒಟ್ಟು 2,600 ಟನ್ ಆಸುಪಾಸು. ಯೂರಿಯಾ ಚೀಲ ಈಗ 45 ಕಿಲೋದ್ದು. ಭಾಗಿಸಿದಳು: 57,777 ಚೀಲ. ನಿಯಮದ ಪುಸ್ತಕದ ಪ್ರಕಾರ ಇಳಿಸಲು ಬಿಟ್ಟಿ ಸಮಯ 9 ತಾಸು. ಮತ್ತೆ ಭಾಗಿಸಿದಳು. ನಿಮಿಷಕ್ಕೆ 107 ಚೀಲ. ಲೆಕ್ಕ ತಪ್ಪಿರಬೇಕೆಂದು ನಾನೂ ಮಾಡಿದೆ, ಅಷ್ಟೇ ಬಂತು. ಮೇಸ್ತ್ರಿ ನಕ್ಕರು. “ನೀವು ಹಾಳ್ಯಾಗ ಇಳಿಸಿದ್ರಿ, ಅದಕ್ಕ ಲಗೂನ ಆತು.” ಅವರ ಹಿಂದೆ ಒಬ್ಬ ಹುಡುಗ ಚೀಲವನ್ನು ಬೆನ್ನಿಗೆ ತೆಗೆದುಕೊಳ್ಳುವಾಗ ಮೊಣಕಾಲು ಒಂದು ಕ್ಷಣ ಬಾಗಿ, ಮತ್ತೆ ನೆಟ್ಟಗಾಗಿ, ಲಾರಿಯ ಕಡೆ ಹೊರಟಿತು. ಆಚೆ ಇಬ್ಬರು ಹೆಂಗಸರು ಹಿಂದಿನ ಲೋಡಿನಲ್ಲಿ ಉದುರಿದ ಗೋವಿನಜೋಳವನ್ನು ಕಸಬರಿಗೆಯಿಂದ ಬಳಿದು ಮರದಲ್ಲಿ ಕೇರುತ್ತಿದ್ದರು. ನಮ್ಮ ಹೊಲದ ಗೋವಿನಜೋಳ ತಮಿಳುನಾಡಿನ ನಾಮಕ್ಕಲ್ಲಿನ ಕೋಳಿಗಳಿಗೆ ಹೋಗುತ್ತದೆ. ಉದುರಿದ್ದು ಈ ಊರಿನ ಕೋಳಿಗಳಿಗೆ.

ಹೊತ್ತು ಮೀರಿದರೆ ಏನಾಗುತ್ತದೆ ಎಂದು ಕೇಳಿದೆವು. ನಾನು ಗೈಡಿನಲ್ಲಿ ಡೆಮರೇಜು, ವಾರ್ಫೇಜುಗಳ ಬಗ್ಗೆ ಎರಡು ಪುಟ ಓದಿದ್ದೆ. ಎರಡನೆಯ ಪುಟಕ್ಕೆ ಬರುವಾಗ ಮೊದಲನೆಯದು ಮರೆತಿರುತ್ತಿತ್ತು. ಮೇಸ್ತ್ರಿ ಒಂದೇ ಸಾಲಿನಲ್ಲಿ ಹೇಳಿದರು:

“ಗಾಡಿ ನಿಂತ್ರ ಡೆಮರೇಜ್, ಮಾಲು ಕುಂತ್ರ ವಾರ್ಫೇಜ್.”

ಅಂದರೆ ವ್ಯಾಗನ್ನನ್ನು ಹೊತ್ತು ಮೀರಿ ತಡೆದರೆ ಒಂದು ದಂಡ. ಇಳಿಸಿದ ಮಾಲನ್ನು ಶೆಡ್ಡಿನಲ್ಲೇ ಬಿಟ್ಟರೆ ಇನ್ನೊಂದು. ಮೊದಲನೆಯದರ ಮೂಲ ದರ ವ್ಯಾಗನ್ನಿಗೆ ತಾಸಿಗೆ 150 ರೂಪಾಯಿ. ಇಡೀ ರೇಕಿಗೆ ತಾಸಿಗೆ 6,300. ಹುಡುಗಿ ಗುಣಿಸಿ ಮುಗಿಸುವಷ್ಟರಲ್ಲಿ ಮೇಸ್ತ್ರಿ ಎದ್ದು ಹೋಗಿದ್ದರು. ಅವರಿಗೆ ಹೊತ್ತಿನ ಬೆಲೆ ಗುಣಿಸದೆಯೇ ಗೊತ್ತಿತ್ತು.

ಆವತ್ತಿನಿಂದ ಆಕೆಗೆ ವ್ಯಾಗನ್ ಓದುವ ಹುಚ್ಚು ಹತ್ತಿತು. ವ್ಯಾಗನ್ನಿನ ಮೈಮೇಲೆ ಹನ್ನೊಂದು ಅಂಕಿ ಬರೆದಿರುತ್ತಾರೆ: ಮೊದಲೆರಡು ಅದರ ಜಾತಿ, ಮುಂದಿನೆರಡು ಯಾವ ರೈಲ್ವೆಯದು, ಆಮೇಲಿನೆರಡು ಹುಟ್ಟಿದ ವರ್ಷ, ನಾಲ್ಕು ಅದರ ಸ್ವಂತ ನಂಬರು, ಕೊನೆಯದೊಂದು ಉಳಿದವೆಲ್ಲ ಸರಿ ಇವೆಯೇ ಎಂದು ತಾಳೆ ನೋಡುವ ಅಂಕಿ. ಮನುಷ್ಯರಿಗೂ ಹೀಗೊಂದು ಕೊನೆಯ ಅಂಕಿ ಇದ್ದಿದ್ದರೆ ಸಂದರ್ಶನಗಳೇ ಬೇಕಿರಲಿಲ್ಲ. ಗೇಟು ಬಿದ್ದರೆ ಈಗ ನಮ್ಮ ಮನೆಯವರು ಗೊಣಗುವುದಿಲ್ಲ. “ಹನ್ನೆರಡನೇ ಇಸವೀದು!” “ಹದಿನೇಳು!” ಎಂದು ಭಾವ ಬೈಕಿನ ಮೇಲಿಂದಲೇ ಕೂಗುತ್ತಾನೆ. ಒಮ್ಮೆ ‘08’ ಹೋಯಿತು. ಪಕ್ಕದಲ್ಲಿ ಎತ್ತಿನ ಗಾಡಿ ನಿಲ್ಲಿಸಿಕೊಂಡಿದ್ದ ಮುದುಕರು ಇವರ ಕೂಗಾಟ ಕೇಳಿ, “ಎಂಟನೇ ಇಸವಿ ಅಂದ್ರ ನಮಗ ಬ್ಯಾರೇನ ನೆನಪಾಗತೈತ್ರಿ” ಎಂದರು. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಲು ಬಂದ ರೈತರ ಮೇಲೆ ಗೋಲಿಬಾರ್ ಆಗಿತ್ತು, ಇಬ್ಬರು ಸತ್ತರು. ಅಂದಿನಿಂದ ಮುಂಗಾರು ಬಂತೆಂದರೆ ನಮ್ಮ ಜಿಲ್ಲೆಯಲ್ಲಿ ಮಳೆಯ ಸುದ್ದಿಯ ಜೊತೆಗೆ ರೇಕಿನ ಸುದ್ದಿಯನ್ನೂ ಕೇಳುತ್ತಾರೆ. ಆ ದಿನ ಭಾವ ಮತ್ತೆ ಅಂಕಿ ಕೂಗಲಿಲ್ಲ.

ಸಂದರ್ಶನದ ಮುನ್ನಾದಿನ ಉಡುಪಿನ ಪ್ರಶ್ನೆ ಎದ್ದಿತು. ಅಕ್ಕ ಬಿಳಿ ಚೂಡಿದಾರ ಇಸ್ತ್ರಿ ಮಾಡಿಸಿದ್ದಳು. “ಅಲ್ಲಿ ಬಿಳೇದು ಹಾಕಿಕೊಂಡು ಹೋದ್ರ ಇಕಿಗೆ ಶೆಡ್ ಗೊತ್ತಿಲ್ಲ ಅಂತ ತಿಳೀತಾರ” ಎಂದು ಹುಡುಗಿ ಸಿಮೆಂಟಿನ ಬಣ್ಣದ್ದು ತೆಗೆದಳು. ಧೂಳು ಬಿದ್ದರೂ ಕಾಣದ ಬಣ್ಣ. ಅಕ್ಕನಿಗೆ ಅದು ಹೆಣ್ಣುಮಕ್ಕಳು ಉಡುವ ಬಣ್ಣವೇ ಅಲ್ಲ.

ಒಳಗೆ ಏನಾಯಿತು ಎಂಬುದು ಆಕೆ ಹೇಳಿದ್ದಷ್ಟೇ ನನಗೆ ಗೊತ್ತು. ಮೂವರಿದ್ದರಂತೆ. ಒಬ್ಬರು ಹಾವೇರಿ ನಿಲ್ದಾಣಕ್ಕೆ ಯಾರ ಹೆಸರಿದೆ ಎಂದರು. ಮೈಲಾರ ಮಹಾದೇವಪ್ಪನವರದು, ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನವರು, ಗಾಂಧೀಜಿ ಜೊತೆ ದಂಡಿಗೆ ನಡೆದವರು ಎಂದಳು. ದಂಡಿಗೆ ನಡೆದೇ ಹೋದವರ ಹೆಸರನ್ನು ರೈಲು ನಿಲ್ದಾಣಕ್ಕೆ ಇಟ್ಟದ್ದು ಆಕೆಗೆ ಬಹಳ ಹಿಡಿಸಿತ್ತು; ಅದನ್ನೂ ಹೇಳಿಬಿಟ್ಟಳಂತೆ. ಎರಡನೆಯವರು ರಾತ್ರಿ ಎರಡಕ್ಕೆ ರೇಕು ಬಂದರೆ ಏನು ಮಾಡುತ್ತೀರಿ ಎಂದರು. “ಲಾರಿಯವರಿಗೆ ಹತ್ತು ಗಂಟೆಗೇ ಫೋನ್ ಮಾಡಿರ್ತೇನ್ರಿ, ಎರಡಕ್ಕ ಮಾಡಿದ್ರ ಎತ್ತೂದಿಲ್ಲ.” ಡೆಮರೇಜಿನ ಪ್ರಶ್ನೆ ಬಂದೇ ಬಂತು. ಮೇಸ್ತ್ರಿಯ ಸಾಲನ್ನು ಮೇಸ್ತ್ರಿಯ ಧಾಟಿಯಲ್ಲೇ ಹೇಳಿದಳು. ಮೂರನೆಯವರು, ಅಲ್ಲಿಯವರೆಗೆ ಮೊಬೈಲು ನೋಡುತ್ತಿದ್ದವರು, ತಲೆಯೆತ್ತಿ ಇನ್ನೊಮ್ಮೆ ಹೇಳಿಸಿ ಬರೆದುಕೊಂಡರಂತೆ. ನನ್ನ ದೌರ್ಬಲ್ಯದ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಕೋಟು ಹಾಕಿದ್ದು ವ್ಯರ್ಥ.

ಕೊನೆಗೆ ಅವರು ಹೇಳಿದ್ದು ಒಂದೇ ಮಾತು: “ತಿಳಿಸ್ತೀವಿ.”

ರಾಣೇಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ದಸರೆಯ ಹೊತ್ತಿಗೆ ಗೊರವಯ್ಯ ಬಿಲ್ಲೇರಿ ಒಂದೇ ಸಾಲಿನ ಕಾರಣಿಕ ನುಡಿಯುತ್ತಾನೆ. ರೈತ ಅದರಲ್ಲಿ ಮಳೆ ಕಾಣುತ್ತಾನೆ, ವ್ಯಾಪಾರಿ ದರ ಕಾಣುತ್ತಾನೆ, ರಾಜಕಾರಣಿ ಕುರ್ಚಿ ಕಾಣುತ್ತಾನೆ. ಈ ‘ತಿಳಿಸ್ತೀವಿ’ಯೂ ನಮ್ಮ ಮನೆಯಲ್ಲಿ ಹಾಗೆಯೇ ಆಯಿತು. ಅಕ್ಕನ ಪ್ರಕಾರ ಕೆಲಸ ಆದಂತೆಯೇ. ಭಾವನ ಪ್ರಕಾರ ಯಾರದೋ ವಶೀಲಿ ನಡೆದಿದೆ. ಬ್ಯಾಡಗಿಯಿಂದ ಕಾಕಾ ಫೋನ್ ಮಾಡಿ, “ರಾಶಿ ಮನಸ್ಸಿಗೆ ಬಂದೈತಿ, ರೇಟ್ ಇಳಿಸಾಕ ನೋಡಾಕತ್ತಾರ, ಗಟ್ಟಿ ಇರು” ಎಂದರು.

ಆರ್ಡರ್ ಬರುವ ಮೊದಲೇ ಊರಿಗೆಲ್ಲ ಸುದ್ದಿ ಮುಟ್ಟಿತ್ತು. ಯೂರಿಯಾ ಯಾವಾಗ ಬರುತ್ತದೆ ಎಂದು ಕೇಳುವವರು ಶುರುವಾದರು. ಆ ಪ್ರಶ್ನೆಗಾದರೂ ಒಂದು ಅರ್ಥವಿತ್ತು. ಭಾನುವಾರ ಸಂಜೆ ಭಾವನ ಕಡೆಯ ಒಬ್ಬ ದೊಡ್ಡಪ್ಪ ಫೋನ್ ಮಾಡಿ, ರೈಲ್ವೆದಾಗ ನಮ್ಮ ಹುಡುಗಿ ಇದ್ದಮೇಲೆ ಬೆಂಗಳೂರಿಗೆ ನಾಲ್ಕು ಟಿಕೆಟ್ ಕನ್ಫರ್ಮ್ ಮಾಡಿಸಿಕೊಡು, ಅದೂ ಕೆಳಗಿನ ಬರ್ತು, ಎಂದು ಹಟ ಹಿಡಿದರು. ಹುಡುಗಿ ಬಹಳ ಗೌರವದಿಂದಲೇ ಉತ್ತರಿಸಿದಳು.

“ದೊಡ್ಡಪ್ಪಾರ, ನಮ್ಮಲ್ಲಿ ಬರ್ತ್ ಇರೂದಿಲ್ರಿ. ಚೀಲದಾಗ ತುಂಬಿ ಕಳಸೂದಿದ್ರ ಹೇಳ್ರಿ, ವ್ಯಾಗನ್ನಿಗೆ ಇಂಡೆಂಟ್ ಹಾಕಸ್ತೇನಿ. ಆದ್ರ ನಿಮ್ಮಂಥವ್ರು 2,600 ಟನ್ ಆಗಬೇಕ ನೋಡ್ರಿ.”

ದೊಡ್ಡಪ್ಪ ಸ್ವಲ್ಪ ಯೋಚಿಸಿ, “ನಮ್ಮ ಬೀಗರನ್ನೂ ಕೇಳಿ ಹೇಳ್ತೇನಿ ತಡಿ” ಎಂದರು.